ಬೆಂಗಳೂರಿನ ಪಂಪು ಲೇಹ್‌ನಲ್ಲಿ ಯಾಕೆ ನೀರೆತ್ತುವುದಿಲ್ಲ: ಸೇನಾ ಎಂಜಿನಿಯರ್‌ಗೆ ಬೇಕಾದ ಕಟ್ಟಡ ಸೇವೆಗಳ ಓದು

ಮೆಕ್ಯಾನಿಕಲ್ ಓದಿದವರು ಸೇನೆಗೆ ಸೇರಿದರೆ ಟ್ಯಾಂಕು, ಟ್ರಕ್ಕು ರಿಪೇರಿ ಮಾಡುತ್ತಾರೆ ಎಂದುಕೊಳ್ಳುವವರೇ ಹೆಚ್ಚು. ಆ ಕೆಲಸಕ್ಕೆ ಇಎಂಇ ಎಂಬ ಬೇರೆ ಪಡೆಯೇ ಇದೆ. ಸೇನೆಯ ಎಂಜಿನಿಯರ್ ಪಡೆಯಾದ ಕೋರ್ ಆಫ್ ಎಂಜಿನಿಯರ್ಸ್‌ಗೂ 1923ರಲ್ಲಿ ಶುರುವಾದ ಮಿಲಿಟರಿ ಎಂಜಿನಿಯರ್ ಸರ್ವಿಸಸ್‌ಗೂ, ಅಂದರೆ ಎಂಇಎಸ್‌ಗೂ, ಬೇಕಾದ ಮೆಕ್ಯಾನಿಕಲ್ ಬೇರೆ ಬಗೆಯದು. ಬ್ಯಾರಕ್ಕಿಗೆ ನೀರು, ಆಸ್ಪತ್ರೆಗೆ ಶುದ್ಧ ಗಾಳಿ, ರೇಡಾರ್ ಕೋಣೆಗೆ ತಂಪು, ಕುಕ್‌ಹೌಸ್‌ಗೆ ಬಿಸಿನೀರು, ಇಡೀ ಶಿಬಿರಕ್ಕೆ ಕರೆಂಟು, ಇವೆಲ್ಲ ಅವರ ಪಾಲಿಗೆ ಬರುತ್ತವೆ. ಎಂಇಎಸ್‌ನಲ್ಲಿ ಕೆಲಸ ಎರಡು ಕವಲಾಗಿ ಹರಿಯುತ್ತದೆ: ಕಟ್ಟಡ-ರಸ್ತೆ ನೋಡಿಕೊಳ್ಳುವ ಬಿ/ಆರ್, ಎಲೆಕ್ಟ್ರಿಕಲ್-ಮೆಕ್ಯಾನಿಕಲ್ ನೋಡಿಕೊಳ್ಳುವ ಇ/ಎಂ. ಇಲ್ಲಿ ಹೇಳುತ್ತಿರುವುದು ಈ ಎರಡನೆಯದರ ಓದಿನ ಬಗ್ಗೆ.

ನಗರದ ಅಪಾರ್ಟ್‌ಮೆಂಟಿಗೆ ಇದೇ ಕೆಲಸ ಮಾಡುವ ಕನ್ಸಲ್ಟೆಂಟ್ ಕ್ಯಾಟಲಾಗ್ ತೆರೆದು ಪಂಪು, ಜನರೇಟರ್, ಏಸಿ ಆರಿಸುತ್ತಾರೆ. ಹೆಚ್ಚು ಕಡಿಮೆಯಾದರೆ ಮರುದಿನ ಡೀಲರ್ ಬಂದು ಬದಲಿಸಿಕೊಡುತ್ತಾನೆ. ಸೇನಾ ಎಂಜಿನಿಯರ್‌ಗೆ ಆ ಸವಲತ್ತಿಲ್ಲ. ಕ್ಯಾಟಲಾಗಿನಲ್ಲಿರುವ ಪ್ರತಿ ಅಂಕಿಯ ಹಿಂದೆ ಒಂದು ಊರು ಅಡಗಿದೆ: ಇಂತಿಷ್ಟು ಎತ್ತರ, ಇಂತಿಷ್ಟು ಉಷ್ಣಾಂಶ, ಇಂಥ ಇಂಧನ. ಜಾಗ ಬದಲಾದರೆ ಆ ಅಂಕಿಯೂ ಬದಲಾಗಬೇಕು, ಅದನ್ನು ತಿದ್ದಲು ಮೂಲ ಸೂತ್ರದಿಂದ ಲೆಕ್ಕ ಹಾಕಲು ಬರಬೇಕು. ಈ ವಿಷಯದ ಓದಿನ ತಿರುಳು ಇದೇ. ಫ್ಲೂಯಿಡ್ ಮೆಕ್ಯಾನಿಕ್ಸ್, ಥರ್ಮೋಡೈನಮಿಕ್ಸ್, ಹೀಟ್ ಟ್ರಾನ್ಸ್‌ಫರ್ ಎಂದು ಬೇರೆ ಬೇರೆ ಸೆಮಿಸ್ಟರ್‌ಗಳಲ್ಲಿ ಪಾಸು ಮಾಡಿ ಬಿಟ್ಟದ್ದನ್ನು ಒಂದೇ ಶಿಬಿರದ ಮೇಲೆ ಒಟ್ಟಿಗೆ ಪ್ರಯೋಗಿಸಿ ನೋಡಿದರೆ ಅದು ತಿಳಿಯುತ್ತದೆ.

ಆದ್ದರಿಂದ 100 ಜವಾನರ ಒಂದು ಶಿಬಿರವನ್ನೇ ತೆಗೆದುಕೊಳ್ಳೋಣ.

ನೀರು: ತಲೆಗೆ ಎಷ್ಟು, ಪೈಪು ಎಷ್ಟು

ಭಾರತದ ಕಟ್ಟಡ ಸಂಹಿತೆ ವಸತಿಗೆ ಒಬ್ಬರಿಗೆ ದಿನಕ್ಕೆ 135 ಲೀಟರ್ ಎನ್ನುತ್ತದೆ. ಅದರಲ್ಲಿ 45 ಲೀಟರ್ ಫ್ಲಶ್‌ಗೇ ಹೋಗುತ್ತದೆ, ಅದಕ್ಕೆ ಕುಡಿಯುವ ನೀರೇ ಆಗಬೇಕಿಲ್ಲ. ತುರ್ತು ಶಿಬಿರಗಳ ಮಾನವೀಯ ಮಾನದಂಡ ಹೇಳುವ ಕನಿಷ್ಠ 15 ಲೀಟರ್. ಶಾಶ್ವತ ಬ್ಯಾರಕ್ಕಿನಿಂದ ಹೊಸದಾಗಿ ಬಿಡಾರ ಹೂಡಿದ ತಾಣದವರೆಗೆ ನಿಮ್ಮ ಅಂಕಿ ಈ ಎರಡರ ನಡುವೆ ಎಲ್ಲಾದರೂ ನಿಲ್ಲಬಹುದು. ನಾವು ಪೂರ್ತಿ 135 ಹಿಡಿಯೋಣ: ದಿನಕ್ಕೆ 13,500 ಲೀಟರ್.

ಇಷ್ಟು ನೀರನ್ನು ಸಂಪಿನಿಂದ ಮೇಲಿನ ಟ್ಯಾಂಕಿಗೆ 2 ಗಂಟೆಯಲ್ಲಿ ಏರಿಸಬೇಕು ಎಂದರೆ ಸೆಕೆಂಡಿಗೆ 1.875 ಲೀಟರ್. ಪೈಪಿನಲ್ಲಿ ನೀರಿನ ವೇಗ ಸೆಕೆಂಡಿಗೆ 1.5 ಮೀಟರ್ ಆಸುಪಾಸು ಇರಲಿ ಎಂದುಕೊಂಡರೆ 40 ಮಿ.ಮೀ. ಪೈಪು ಬರುತ್ತದೆ. ಜಿಐ (ಸತು ಲೇಪಿತ ಕಬ್ಬಿಣದ) ಪೈಪಿಗೆ ಉಜ್ಜಾಟ ಲೆಕ್ಕ ಹಾಕುವ ಹೇಜನ್-ವಿಲಿಯಮ್ಸ್ ಸೂತ್ರ ಹಾಕಿ ನೋಡಿ: ಮೀಟರಿಗೆ ಸುಮಾರು 0.086 ಮೀಟರ್ ಹೆಡ್, ಅಂದರೆ ನೀರಿನ ಎತ್ತರದಲ್ಲಿ ಅಳೆದ ಒತ್ತಡ, ಉಜ್ಜಾಟದಲ್ಲಿ ಹೋಗುತ್ತದೆ. 40 ಮೀಟರ್ ಉದ್ದಕ್ಕೆ 3.4, ಎಲ್ಬೋ-ವಾಲ್ವುಗಳಿಗೆ ಇನ್ನೊಂದು ಐದನೇ ಭಾಗ ಸೇರಿಸಿದರೆ 4 ಮೀಟರ್ ಚಿಲ್ಲರೆ. ಸಂಪಿನ ಕನಿಷ್ಠ ನೀರಿನ ಮಟ್ಟದಿಂದ ಟ್ಯಾಂಕಿನ ಬಾಯಿಗೆ 14 ಮೀಟರ್, ಹೊರಬೀಳುವಲ್ಲಿ 2 ಮೀಟರ್ ಉಳಿಕೆ. ಒಟ್ಟು 20 ಮೀಟರ್.

ಈಗ ಶಕ್ತಿ. ಸಾಂದ್ರತೆ, ಗುರುತ್ವ, ಹರಿವು, ಹೆಡ್ ಇವನ್ನು ಗುಣಿಸಿದರೆ 368 ವಾಟ್. ಸಣ್ಣ ಪಂಪಿನ ದಕ್ಷತೆ 45% ಎಂದುಕೊಂಡರೆ ಶಾಫ್ಟಿಗೆ ಸುಮಾರು 820 ವಾಟ್, ಅಂದರೆ 1.1 ಎಚ್‌ಪಿ. ಸ್ವಲ್ಪ ಮೀಸಲು ಇಟ್ಟು 1.5 ಎಚ್‌ಪಿ ಮೋಟರ್.

ಸ್ಟೋರಿನಲ್ಲಿ 40ರ ಪೈಪಿಲ್ಲ, 32 ಇದೆ, ಅದನ್ನೇ ಹಾಕಿಬಿಡೋಣ ಎಂಬ ಮಾತು ಸೈಟಿನಲ್ಲಿ ಬಂದೇ ಬರುತ್ತದೆ. ವ್ಯಾಸ ಐದನೇ ಒಂದು ಭಾಗ ಮಾತ್ರ ಕಡಿಮೆ, ಆದರೆ ಉಜ್ಜಾಟ ಮೂರು ಪಟ್ಟಾಗುತ್ತದೆ, ಯಾಕೆಂದರೆ ಅದು ವ್ಯಾಸದ 4.87ನೇ ಘಾತಕ್ಕೆ ವಿಲೋಮವಾಗಿದೆ. 25ರ ಪೈಪು ಹಾಕಿದರೆ ಸುಮಾರು ಹತ್ತು ಪಟ್ಟು. ಆಗ ಅದೇ ಪಂಪು ಅಷ್ಟು ನೀರು ಕೊಡಲಾರದು. 2 ಗಂಟೆಯ ಕೆಲಸ 4 ಗಂಟೆ ಎಳೆಯುತ್ತದೆ, ಆ ಹೆಚ್ಚುವರಿ ಗಂಟೆಗಳ ಡೀಸೆಲ್ಲನ್ನು ಯಾರೋ ಲಾರಿಯಲ್ಲಿ ಹೊತ್ತು ತರಬೇಕು.

ಇದೇ ಸೂತ್ರ ನಮ್ಮ ಊರಿಗೂ ಅನ್ವಯಿಸುತ್ತದೆ. ಕಾವೇರಿ ನೀರು ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂದು ಮೂರು ಹಂತದಲ್ಲಿ ಸುಮಾರು 500 ಮೀಟರ್ ಎತ್ತರಕ್ಕೆ ಏರಿ ಬೆಂಗಳೂರಿಗೆ ಬರುತ್ತದೆ. ಸಾವಿರ ಲೀಟರನ್ನು ಅಷ್ಟು ಎತ್ತರಕ್ಕೆ ಏರಿಸಲು ಬರೀ ಗುರುತ್ವಕ್ಕೆ ಬೇಕಾದದ್ದು 1.36 ಯೂನಿಟ್. ಪಂಪು-ಮೋಟರ್ ಸೇರಿ 75% ದಕ್ಷತೆ ಎಂದರೆ 1.8 ಯೂನಿಟ್. ವಿದ್ಯಾರ್ಥಿಗಳು ಮೊದಲು ಈ ಲೆಕ್ಕ ಮಾಡಿ ಕೈ ಪಳಗಿಸಿಕೊಳ್ಳುವುದು ಒಳ್ಳೆಯದು.

ಎಳೆಯುವುದು ಪಂಪಲ್ಲ, ತಳ್ಳುವುದು ಗಾಳಿ

ಮೇಲೆ ಲೆಕ್ಕ ಹಾಕಿದ ಪಂಪನ್ನು ಹಾಗೇ ಲೇಹ್‌ಗೆ ಒಯ್ದರೆ ಅದು ಗುಡುಗುಡು ಸದ್ದು ಮಾಡುತ್ತ ತಿರುಗಬಹುದು, ನೀರು ಬಾರದೆ ಇರಬಹುದು. ಪೈಪಿನಲ್ಲಿ ತಪ್ಪಿಲ್ಲ, ಮೋಟರಿನಲ್ಲೂ ತಪ್ಪಿಲ್ಲ.

ಸೆಂಟ್ರಿಫ್ಯೂಗಲ್ ಪಂಪು ನೀರನ್ನು ಕೆಳಗಿನಿಂದ ಎಳೆಯುವುದಿಲ್ಲ. ಅದು ತನ್ನ ಬಾಯಲ್ಲಿ ಒತ್ತಡ ಕಡಿಮೆ ಮಾಡುತ್ತದೆ ಅಷ್ಟೆ, ಸಂಪಿನ ಮೇಲೆ ಕೂತ ಗಾಳಿಯ ಭಾರ ನೀರನ್ನು ಮೇಲಕ್ಕೆ ತಳ್ಳುತ್ತದೆ. ಸಮುದ್ರ ಮಟ್ಟದಲ್ಲಿ ಆ ಭಾರ 10.3 ಮೀಟರ್ ನೀರಿಗೆ ಸಮ. 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಅದು ಆಗಲೇ 9.25ಕ್ಕೆ ಇಳಿದಿದೆ. 3,500 ಮೀಟರ್ ಎತ್ತರದ ಲೇಹ್‌ನಲ್ಲಿ 6.7 ಮಾತ್ರ.

ಈ ಬಂಡವಾಳದಲ್ಲಿ ಮೊದಲು ನೀರಿನ ಆವಿಯ ಒತ್ತಡ ಕಳೆಯಬೇಕು: ಬೆಂಗಳೂರಿನ 25 ಡಿಗ್ರಿ ನೀರಿಗೆ 0.3 ಮೀಟರ್, ಲೇಹ್‌ನ 5 ಡಿಗ್ರಿ ನೀರಿಗೆ 0.1. ಆಮೇಲೆ ನೀರು ಆವಿಯಾಗದಂತೆ ಪಂಪಿನ ಬಾಯಲ್ಲಿ ಉಳಿದಿರಬೇಕಾದ ಒತ್ತಡ: ಪಂಪು ತಯಾರಕರು ಎನ್‌ಪಿಎಸ್‌ಎಚ್ ಎಂದು ಕೊಡುವ ಈ ಕನಿಷ್ಠ ಅಗತ್ಯ 3 ಮೀಟರ್ ಎಂದಿಟ್ಟುಕೊಳ್ಳಿ. ಸಂಪಿನಿಂದ ಪಂಪಿಗೆ ಬರುವ ಸಕ್ಷನ್ ಪೈಪು ಮತ್ತು ಅದರ ತುದಿಯ ಫುಟ್ ವಾಲ್ವಿನ ಉಜ್ಜಾಟ 1 ಮೀಟರ್. ಭದ್ರತೆಗೆ 0.6. ಬೆಂಗಳೂರಿನಲ್ಲಿ ಉಳಿಯುವುದು 4.3 ಮೀಟರ್, ಲೇಹ್‌ನಲ್ಲಿ 2 ಮೀಟರ್. ನಮ್ಮ ಮನೆಗಳ ಸಂಪು 3 ಮೀಟರ್ ಆಳವಿದ್ದರೂ ಮೇಲೆ ಕೂತ ಪಂಪು ಆರಾಮವಾಗಿ ನೀರೆತ್ತುತ್ತದೆ. ಅದೇ ಆಳ ಅಲ್ಲಿ ಪಂಪಿನ ಒಳಗೇ ನೀರನ್ನು ಆವಿಯಾಗಿಸಿ ಗುಳ್ಳೆ ಎಬ್ಬಿಸುತ್ತದೆ. ಆ ಗುಳ್ಳೆಗಳು ಪಂಪಿನೊಳಗೆ ತಿರುಗುವ ಚಕ್ರವಾದ ಇಂಪೆಲ್ಲರಿನ ಮೇಲೆ ಒಡೆದಾಗ ಪಂಪಿನೊಳಗೆ ಜಲ್ಲಿ ಹೊರಳಿದಂಥ ಸದ್ದು ಬರುತ್ತದೆ, ಕೆಲವೇ ತಿಂಗಳಲ್ಲಿ ಲೋಹ ತೂತುತೂತಾಗುತ್ತದೆ.

ಪರಿಹಾರ ದೊಡ್ಡ ಪಂಪಲ್ಲ. ದೊಡ್ಡ ಪಂಪಿಗೆ ಎನ್‌ಪಿಎಸ್‌ಎಚ್ ಇನ್ನೂ ಹೆಚ್ಚು ಬೇಕಾಗಬಹುದು. ಪಂಪನ್ನು ನೀರಿನ ಮಟ್ಟಕ್ಕಿಂತ ಕೆಳಗೆ ಕೂರಿಸಿ, ಇಲ್ಲವೇ ಸಬ್‌ಮರ್ಸಿಬಲ್ ಇಳಿಸಿ. ಸಕ್ಷನ್ ಪೈಪನ್ನು ಡೆಲಿವರಿಗಿಂತ ಒಂದು ಸೈಜು ದೊಡ್ಡದು ಹಾಕಿ. ಪಂಪಿನ ಕಡೆಗೆ ಅದು ಏರುತ್ತಲೇ ಹೋಗಬೇಕು, ನಡುವೆ ಎಲ್ಲೂ ಗೂನು ಇರಬಾರದು. ಗೂನಿದ್ದಲ್ಲಿ ಏರ್ ಕಟ್ಟುತ್ತದೆ.

ಅಲ್ಲಿ ಇನ್ನೊಂದು ಬಲೆಯೂ ಇದೆ. ಟ್ಯಾಂಕಿನ ನೀರು ವಾಪಸ್ ಇಳಿಯದಿರಲಿ ಎಂದು ನಾವು ಡೆಲಿವರಿ ಪೈಪಿಗೆ ಎನ್‌ಆರ್‌ವಿ, ಅಂದರೆ ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವು, ಹಾಕುತ್ತೇವೆ. ಚಳಿಯ ನಾಡಿನಲ್ಲಿ ಪಂಪು ನಿಂತ ಮೇಲೆ ಅದೇ ಎನ್‌ಆರ್‌ವಿ ಪೈಪಿನ ತುಂಬ ನೀರು ಹಿಡಿದಿಡುತ್ತದೆ. ರಾತ್ರಿ ಅದು ಹೆಪ್ಪುಗಟ್ಟಿ ಸುಮಾರು 9% ಹಿಗ್ಗಿದಾಗ ಪೈಪು ಸೀಳುತ್ತದೆ. ಎನ್‌ಆರ್‌ವಿಯ ಮೇಲ್ಬದಿಯಲ್ಲಿ ಡ್ರೈನ್ ವಾಲ್ವು ಇಟ್ಟು, ಪೈಪಿಗೆ ಅದರ ಕಡೆ ಇಳಿಜಾರು ಕೊಟ್ಟು, ಪ್ರತಿ ಪಂಪಿಂಗ್ ಮುಗಿದ ಮೇಲೆ ನೀರು ಬಸಿಯಬೇಕು. ಹೂತ ಪೈಪು ಮಣ್ಣು ಹೆಪ್ಪುಗಟ್ಟುವ ಆಳಕ್ಕಿಂತ ಕೆಳಗೆ ಹೋಗಬೇಕು.

ಕರೆಂಟು: ಬೆಳಗಿನ 5 ಗಂಟೆಯ ಲೆಕ್ಕ

ಶಿಬಿರದ ಜನರೇಟರ್ ಗಾತ್ರ ನಿರ್ಧಾರವಾಗುವುದು ರಾತ್ರಿಯ ದೀಪಗಳಿಂದಲ್ಲ, ಬೆಳಗ್ಗೆ 5ಕ್ಕೆ ಎಲ್ಲರೂ ಒಟ್ಟಿಗೆ ಗೀಸರ್ ಹಾಕುವುದರಿಂದ. 100 ಜನರಿಗೆ ತಲೆಗೆ 20 ಲೀಟರ್ ನೀರನ್ನು 35 ಡಿಗ್ರಿ ಬಿಸಿ ಏರಿಸಲು ಬೇಕಾದದ್ದು ಸುಮಾರು 81 ಯೂನಿಟ್. ಜನರೇಟರ್ ಒಂದು ಯೂನಿಟ್‌ಗೆ 0.3 ಲೀಟರ್ ಡೀಸೆಲ್ ಕುಡಿಯುತ್ತದೆ ಎಂದರೆ 24 ಲೀಟರ್. ಅದೇ ನೀರನ್ನು 85% ದಕ್ಷತೆಯ ಡೀಸೆಲ್ ಬಾಯ್ಲರಿನಲ್ಲಿ ಕಾಯಿಸಿದರೆ 10 ಲೀಟರಿಗೂ ಕಡಿಮೆ ಸಾಕು. ಎಂಜಿನ್ನಿನಲ್ಲಿ ಸುಟ್ಟ ಇಂಧನದ ಮೂರನೇ ಎರಡು ಭಾಗ ಶಾಖವಾಗಿ ಹೊರಗೆ ಹೋಗುತ್ತದೆ, ಉಳಿದದ್ದನ್ನು ಕರೆಂಟು ಮಾಡಿ ಮತ್ತೆ ಶಾಖ ಮಾಡುವುದು ಸುತ್ತು ದಾರಿ. ಎಕ್ಸಾಸ್ಟ್‌ನ ಬಿಸಿಯನ್ನೇ ಹಿಡಿದು ನೀರು ಕಾಯಿಸಿದರೆ ಇನ್ನೂ ಉಳಿತಾಯ. ಗೀಸರುಗಳನ್ನು ಲೋಡಿನಿಂದ ತೆಗೆದ ಮೇಲೆ ಜನರೇಟರೂ ಚಿಕ್ಕದಾಗುತ್ತದೆ.

ಆಮೇಲೆ ಮೋಟರ್ ಸ್ಟಾರ್ಟ್ ಆಗುವ ಕ್ಷಣ. 10 ಎಚ್‌ಪಿ ಪಂಪು ಓಡುವಾಗ 15 ಆಂಪಿಯರ್ ಒಳಗೇ ಎಳೆಯುತ್ತದೆ, ನೇರ ಸ್ಟಾರ್ಟರಿನಲ್ಲಿ ಶುರುವಾಗುವಾಗ ಮಾತ್ರ ಸುಮಾರು 90. 25 ಕೆವಿಎ ಜನರೇಟರಿನ ಸಾಮರ್ಥ್ಯ 35 ಆಂಪಿಯರ್. ವೋಲ್ಟೇಜ್ ಕುಸಿಯುತ್ತದೆ, ಲೈನ್ ಹಿಡಿದಿಡುವ ಕಾಂತೀಯ ಸ್ವಿಚ್ಚುಗಳಾದ ಕಾಂಟ್ಯಾಕ್ಟರುಗಳು ಬಿಟ್ಟುಕೊಳ್ಳುತ್ತವೆ, ಶಿಬಿರ ಕತ್ತಲಾಗುತ್ತದೆ. ಸ್ಟಾರ್-ಡೆಲ್ಟಾ ಸ್ಟಾರ್ಟರ್ ಹಾಕಿದರೆ ಮೊದಲ ಎಳೆತ ಮೂರನೇ ಒಂದಕ್ಕೆ ಇಳಿಯುತ್ತದೆ. ಹೀಗಾಗಿ ದೊಡ್ಡ ಮೋಟರುಗಳನ್ನು ಮೊದಲು, ಒಂದಾದ ಮೇಲೊಂದು ಸ್ಟಾರ್ಟ್ ಮಾಡುವ ಕ್ರಮವನ್ನು ಪ್ಯಾನೆಲ್ಲಿನ ಮೇಲೆ ಬರೆದು ಅಂಟಿಸಿರಬೇಕು.

ಎತ್ತರ ಇಲ್ಲೂ ತನ್ನ ಪಾಲು ಕೇಳುತ್ತದೆ. ಟರ್ಬೋ ಇಲ್ಲದ ಎಂಜಿನ್ ತೆಳುವಾದ ಗಾಳಿಯಲ್ಲಿ ಲೇಹ್‌ನ ಎತ್ತರಕ್ಕೆ ಕಾಲು ಭಾಗದಿಂದ ಮೂರನೇ ಒಂದರವರೆಗೆ ಶಕ್ತಿ ಕಳೆದುಕೊಳ್ಳುತ್ತದೆ. ಟರ್ಬೋ ಇದ್ದರೆ ಕಡಿಮೆ. ಸರಿಯಾದ ಅಂಕಿ, ಎತ್ತರಕ್ಕೆ ತಕ್ಕಂತೆ ಶಕ್ತಿ ಎಷ್ಟು ಇಳಿಯುತ್ತದೆ ಎಂದು ತೋರಿಸುವ ತಯಾರಕರ ಡಿರೇಟಿಂಗ್ ಕರ್ವಿನಲ್ಲಿ ಇರುತ್ತದೆ, ಅದನ್ನು ಕೇಳಿ ತರಿಸಿಕೊಳ್ಳದೆ ಸೆಟ್ ಒಪ್ಪಿಕೊಳ್ಳಬಾರದು. ಹಾಗೆಂದು ಭಯಬಿದ್ದು ಎರಡು ಪಟ್ಟು ದೊಡ್ಡದನ್ನು ಕೂರಿಸುವುದೂ ತಪ್ಪು. ಲೋಡು 30%ಕ್ಕಿಂತ ಕಡಿಮೆ ಇದ್ದು ದಿನಗಟ್ಟಲೆ ಓಡಿದರೆ ಸಿಲಿಂಡರ್ ಸಾಕಷ್ಟು ಬಿಸಿಯಾಗದೆ ಅರೆಬೆಂದ ಡೀಸೆಲ್ ಎಕ್ಸಾಸ್ಟಿನಲ್ಲಿ ಕಪ್ಪು ಜಿಡ್ಡಾಗಿ ಸೋರುತ್ತದೆ. ಒಂದು ದೊಡ್ಡದು, ಒಂದು ಚಿಕ್ಕದು ಎಂದು ಎರಡು ಸೆಟ್ ಇಡುವುದು ಜಾಣತನ. ಸಾಮಾನ್ಯ ಡೀಸೆಲ್ ಕಡು ಚಳಿಯಲ್ಲಿ ಮೇಣಗಟ್ಟಿ ಫಿಲ್ಟರ್ ಮುಚ್ಚುತ್ತದೆ. ಲಡಾಖಿಗೆಂದು 2019ರಲ್ಲಿ ಬಂದ ಚಳಿಗಾಲದ ಡೀಸೆಲ್ ಮೈನಸ್ 33 ಡಿಗ್ರಿಯವರೆಗೆ ಹರಿಯುವಂಥದ್ದು.

ಅರ್ಥಿಂಗ್ ವಿಷಯವನ್ನು ಮೆಕ್ಯಾನಿಕಲ್‌ನವರು ಎಲೆಕ್ಟ್ರಿಕಲ್‌ನವರಿಗೆ ಬಿಟ್ಟುಬಿಡುತ್ತಾರೆ. ಬಿಡಬಾರದು, ಜೀವ ಹೋಗುವುದು ಇಲ್ಲೇ. 3 ಮೀಟರ್ ರಾಡ್ ಒಂದನ್ನು ಒಳ್ಳೆಯ ಮಣ್ಣಿಗೆ ಹೊಡೆದರೆ ಸುಮಾರು 35 ಓಮ್ ರೋಧ ಬರುತ್ತದೆ. ಬಂಡೆ ನೆಲದಲ್ಲಿ ಅದು 350 ಆಗಬಹುದು. ಅಷ್ಟು ರೋಧವಿದ್ದರೆ ತಂತಿ ಲೋಹದ ಮೈಗೆ ತಾಗಿದಾಗ ಹರಿಯುವ ಕರೆಂಟು ಎಂಸಿಬಿ ಬೀಳಿಸಲು ಸಾಲದು. ಆದರೆ ಸೋರುವ ಕರೆಂಟನ್ನು ಗುರುತಿಸಿ ಲೈನ್ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಇದ್ದರೆ ಅಷ್ಟಕ್ಕೇ ಟ್ರಿಪ್ ಆಗುತ್ತದೆ: 350 ಓಮ್‌ಗೆ 0.03 ಆಂಪಿಯರ್ ಗುಣಿಸಿದರೆ 10.5 ವೋಲ್ಟ್, ಮುಟ್ಟಿದವರಿಗೆ ಅಪಾಯವಿಲ್ಲ. ಇದೆಲ್ಲ ನಡೆಯಬೇಕಾದರೆ ಜನರೇಟರಿನ ನ್ಯೂಟ್ರಲ್ಲನ್ನು ಭೂಮಿಗೆ ಸೇರಿಸಿರಬೇಕು. ಸಣ್ಣ ಸೆಟ್ಟುಗಳಲ್ಲಿ ಇದನ್ನು ಮರೆಯುವುದು ಸಾಮಾನ್ಯ. ಮರೆತರೆ ಸೋರಿದ ಕರೆಂಟಿಗೆ ವಾಪಸ್ ದಾರಿಯೇ ಇಲ್ಲ, ಆರ್‌ಸಿಸಿಬಿ ಸುಮ್ಮನಿರುತ್ತದೆ. ಟೆಸ್ಟ್ ಬಟನ್ ಒತ್ತಿದರೆ ಮಾತ್ರ ಟ್ರಿಪ್ ಆಗುತ್ತದೆ, ಯಾಕೆಂದರೆ ಆ ಬಟನ್ ಫೇಸು-ನ್ಯೂಟ್ರಲ್ ನಡುವೆ ಕೆಲಸ ಮಾಡುತ್ತದೆ, ಭೂಮಿಯನ್ನು ಬಳಸುವುದೇ ಇಲ್ಲ. ಬಟನ್ ನೋಡಿ ಸಮಾಧಾನಪಟ್ಟುಕೊಳ್ಳದೆ ಆರ್‌ಸಿಸಿಬಿ ಟೆಸ್ಟರ್ ಹಚ್ಚಿ, ಫೇಸಿನಿಂದ ಅರ್ಥಿಗೆ ಪರೀಕ್ಷಿಸಬೇಕು.

ಶಾಖ ಮತ್ತು ಉಸಿರು

ಬೆಂಗಳೂರಿನ ಹವೆಯಲ್ಲಿ ಬೆಳೆದವರಿಗೆ ಕಟ್ಟಡ ಬೆಚ್ಚಗಿಡುವ ಲೆಕ್ಕ ಹೊಸದು. 20 ಜವಾನರ, 20 ಮೀಟರ್ ಉದ್ದ, 6 ಅಗಲ, 3 ಎತ್ತರದ ಬ್ಯಾರಕ್. ಹೊರಗೆ ಮೈನಸ್ 20, ಒಳಗೆ 15 ಬೇಕು. ಗೋಡೆ 156 ಚದರ ಮೀಟರ್, ಚಾವಣಿ 120. ನಮ್ಮೂರಿನ 9 ಇಂಚಿನ ಇಟ್ಟಿಗೆ ಗೋಡೆ, ಕಾಂಕ್ರೀಟ್ ಚಾವಣಿಯಾದರೆ ಶಾಖ ಸೋರುವುದು ಸುಮಾರು 25 ಕಿಲೋವಾಟ್. ಶಾಖ ತಡೆಯುವ ಫೋಮ್ ತುಂಬಿದ 60 ಮಿ.ಮೀ. ಪಫ್ ಪ್ಯಾನೆಲ್ಲಾದರೆ ಮೂರೂವರೆ. ಹೀಟರಿನಲ್ಲಿ ನೇರ ಸುಟ್ಟರೂ ದಿನಕ್ಕೆ 75 ಲೀಟರಿನ ಜಾಗದಲ್ಲಿ ಸುಮಾರು 10 ಲೀಟರ್ ಇಂಧನ. ಜೋಜಿಲಾ ದಾರಿ ಹಿಮದಲ್ಲಿ ಮುಚ್ಚುವ ಮೊದಲೇ ಚಳಿಗಾಲಕ್ಕೆ ಬೇಕಾದ್ದನ್ನು ದಾಸ್ತಾನು ಮಾಡಬೇಕಾದ ಕಡೆ ಈ ವ್ಯತ್ಯಾಸ ಲಾರಿಗಳ ಲೆಕ್ಕದಲ್ಲಿ ಕಾಣುತ್ತದೆ.

ಇಷ್ಟಾದ ಮೇಲೆ ದೊಡ್ಡ ಸೋರಿಕೆ ಉಳಿಯುವುದು ಗಾಳಿಯದು. ಒಬ್ಬರಿಗೆ ಸೆಕೆಂಡಿಗೆ 5 ಲೀಟರ್ ಹೊಸ ಗಾಳಿ ಎಂದರೂ 20 ಜನರಿಗೆ ಗಂಟೆಗೆ 360 ಘನ ಮೀಟರ್, ಅಂದರೆ ಇಡೀ ಬ್ಯಾರಕ್ಕಿನ ಗಾಳಿ ಗಂಟೆಗೊಮ್ಮೆ ಬದಲಾಗಬೇಕು. ಅದನ್ನು ಬಿಸಿ ಮಾಡಲು ಲೇಹ್‌ನ ತೆಳುಗಾಳಿಯಲ್ಲಿ 2.8 ಕಿಲೋವಾಟ್, ಗೋಡೆ-ಚಾವಣಿಗೆ ಹೋಗುವಷ್ಟರ ಹತ್ತಿರಕ್ಕೆ ಬಂತು. ಹಾಗಾಗಿ ಒಳಗಿರುವವರಿಗೆ ಸಂದುಗೊಂದನ್ನೆಲ್ಲ ಕಂಬಳಿ ತುರುಕಿ ಮುಚ್ಚಿಬಿಡುವ ಮನಸ್ಸಾಗುತ್ತದೆ. ಒಳಗೆ ಬುಖಾರಿ, ಅಂದರೆ ಕೋಣೆ ಬೆಚ್ಚಗಿಡುವ ಒಲೆ, ಉರಿಯುತ್ತಿದ್ದರೆ ಅದು ಸಾವಿನ ದಾರಿ. ಆಮ್ಲಜನಕ ಕಡಿಮೆ ಇರುವ ಗಾಳಿಯಲ್ಲಿ ಸೀಮೆಎಣ್ಣೆ ಪೂರ್ತಿ ಉರಿಯದೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಹೊಗೆ ಕೊಳವೆ ಚಾವಣಿಯಿಂದ ಹೊರಗೆ ಹೋಗಲೇಬೇಕು. ಮುಚ್ಚಲು ಬಾರದಂಥ ಗಾಳಿಕಿಂಡಿ ಕೆಳಗೊಂದು, ಎದುರು ಗೋಡೆಯ ಮೇಲೊಂದು ಇರಬೇಕು. ಮೊನಾಕ್ಸೈಡ್ ಅಲಾರಂ ಬ್ಯಾಟರಿ ಸಮೇತ ಇರಬೇಕು. ವಿನ್ಯಾಸ ಮಾಡುವವರು ಈ ಗಾಳಿಯ ಶಾಖವನ್ನು ಮೊದಲೇ ಹೀಟರಿನ ಲೆಕ್ಕಕ್ಕೆ ಸೇರಿಸಿದ್ದರೆ ಕಿಂಡಿ ಮುಚ್ಚುವ ಅಗತ್ಯ ಯಾರಿಗೂ ಬೀಳುವುದಿಲ್ಲ.

ಕೊಳಚೆಯ ಬಗ್ಗೆ ಒಂದೇ ಮಾತು: ಚಳಿಯಲ್ಲಿ ಸೆಪ್ಟಿಕ್ ಟ್ಯಾಂಕಿನ ಬ್ಯಾಕ್ಟೀರಿಯಾ ಮಂಕಾಗುತ್ತವೆ, ಆದ್ದರಿಂದಲೇ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಗ್ವಾಲಿಯರ್ ಪ್ರಯೋಗಾಲಯ ಚಳಿ ತಾಳುವ ಬ್ಯಾಕ್ಟೀರಿಯಾ ಇರುವ ಬಯೋ-ಡೈಜೆಸ್ಟರ್ ರೂಪಿಸಿತು.

ಬೆಂಗಳೂರಿನಲ್ಲಿ ಓದುವುದು ಹೇಗೆ

ಹಲಸೂರು ಕೆರೆಯ ಪಕ್ಕದ ಮದ್ರಾಸ್ ಎಂಜಿನಿಯರ್ ಗ್ರೂಪ್ ಕೇಂದ್ರದಲ್ಲಿ ಸ್ಯಾಪರ್‌ಗಳು, ಅಂದರೆ ಎಂಜಿನಿಯರ್ ಪಡೆಯ ಜವಾನರು, ತರಬೇತಿ ಪಡೆಯುತ್ತಾರೆ. ಅಧಿಕಾರಿಗಳ ಎಂಜಿನಿಯರಿಂಗ್ ಓದು ಪುಣೆಯ ದಾಪೋಡಿಯಲ್ಲಿರುವ ಕಾಲೇಜ್ ಆಫ್ ಮಿಲಿಟರಿ ಎಂಜಿನಿಯರಿಂಗ್‌ನಲ್ಲಿ. ಸಮವಸ್ತ್ರವಿಲ್ಲದೆ ಎಂಇಎಸ್ ಸೇರುವವರಿಗೆ ಎರಡು ಮುಖ್ಯ ದಾರಿ: ಎಸ್‌ಎಸ್‌ಸಿಯ ಜೂನಿಯರ್ ಎಂಜಿನಿಯರ್ ಪರೀಕ್ಷೆ, ಅಥವಾ ಯುಪಿಎಸ್‌ಸಿಯ ಎಂಜಿನಿಯರಿಂಗ್ ಸೇವಾ ಪರೀಕ್ಷೆಯ ಮೂಲಕ ಐಡಿಎಸ್‌ಇ, ಅಂದರೆ ಇಂಡಿಯನ್ ಡಿಫೆನ್ಸ್ ಸರ್ವಿಸ್ ಆಫ್ ಎಂಜಿನಿಯರ್ಸ್. ಬ್ರಿಟನ್ನಿನಲ್ಲಿ ಇದೇ ವಿದ್ಯೆಯನ್ನು ಚಾಟಮ್‌ನ ಮಿಲಿಟರಿ ಎಂಜಿನಿಯರಿಂಗ್ ಶಾಲೆ ಕ್ಲರ್ಕ್ ಆಫ್ ವರ್ಕ್ಸ್ ಎಂಬ ಹುದ್ದೆಗೆ ನಿರ್ಮಾಣ, ಎಲೆಕ್ಟ್ರಿಕಲ್, ಮೆಕ್ಯಾನಿಕಲ್ ಎಂದು ಮೂರು ಕವಲಲ್ಲಿ ಕಲಿಸುತ್ತದೆ.

ಪಠ್ಯಕ್ಕೆ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ 4ನೇ ಭಾಗ ಬೆಂಕಿಗೆ, 8ನೇ ಭಾಗ ಕಟ್ಟಡ ಸೇವೆಗೆ, 9ನೇ ಭಾಗ ಪ್ಲಂಬಿಂಗ್‌ಗೆ. ಅರ್ಥಿಂಗ್‌ಗೆ ಐಎಸ್ 3043. ಇವನ್ನು ಕಾದಂಬರಿಯಂತೆ ಓದಲಾಗದು, ಕೈಯಲ್ಲಿ ಒಂದು ಕಟ್ಟಡ ಇಟ್ಟುಕೊಂಡೇ ಓದಬೇಕು. ಅದಕ್ಕೆ ನೀವಿರುವ ಅಪಾರ್ಟ್‌ಮೆಂಟಿನ ಪಂಪ್ ರೂಮೇ ಸಾಕು. ಅಸೋಸಿಯೇಷನ್ನಿನವರ ಒಪ್ಪಿಗೆ ಪಡೆದು, ಪಂಪ್ ಆಪರೇಟರ್ ಅಣ್ಣನನ್ನು ಜೊತೆಗಿಟ್ಟುಕೊಂಡು ಈ ಒಂದು ಪ್ರಯೋಗ ಮಾಡಿ ನೋಡಿ.

ಟ್ಯಾಂಕಿನಲ್ಲಿ 5,000 ಲೀಟರ್ ತುಂಬಲು ಎಷ್ಟು ಹೊತ್ತು ಹಿಡಿಯಿತು ಎಂದು ನೋಡಿ. 50 ನಿಮಿಷ ಎಂದರೆ ಸೆಕೆಂಡಿಗೆ 1.67 ಲೀಟರ್. ಒಟ್ಟು ಹೆಡ್ 20 ಮೀಟರ್ ಇದ್ದರೆ ನೀರಿಗೆ ಸೇರಿದ ಶಕ್ತಿ 327 ವಾಟ್. ಕ್ಲಾಂಪ್ ಮೀಟರಿನಲ್ಲಿ 6.5 ಆಂಪಿಯರ್, 230 ವೋಲ್ಟ್, ಪವರ್ ಫ್ಯಾಕ್ಟರ್ 0.85 ಬಂದರೆ ಎಳೆದದ್ದು 1,270 ವಾಟ್. ಒಟ್ಟು ದಕ್ಷತೆ 26%. ಸಣ್ಣ ಪಂಪಿಗೆ, ಮೋಟರಿನ ನಷ್ಟವೂ ಸೇರಿ, 34% ಹತ್ತಿರ ಬರಬೇಕಿತ್ತು. ಎಲ್ಲೋ ಸವೆದಿದೆ, ಇಲ್ಲವೇ ಕಟ್ಟಿಕೊಂಡಿದೆ.

ಎಲ್ಲಿ ಎಂದು ಹುಡುಕಲು ಎರಡು ಗೇಜು ಸಾಕು. ಡೆಲಿವರಿ ವಾಲ್ವು ಪೂರ್ತಿ ಮುಚ್ಚಿ, ಅರ್ಧ ನಿಮಿಷ ಮೀರದಂತೆ ಪಂಪು ಓಡಿಸಿ, ಪ್ರೆಷರ್ ಗೇಜ್ ಓದಿ. ತಯಾರಕರ ಕರ್ವಿನ ಶೂನ್ಯ ಹರಿವಿನ ಹೆಡ್‌ಗಿಂತ ಅದು ಚೆನ್ನಾಗಿ ಕೆಳಗಿದ್ದರೆ ಇಂಪೆಲ್ಲರ್ ಸವೆದಿದೆ ಅಥವಾ ಅದರ ಸುತ್ತ ನೀರು ಹಿಂದಕ್ಕೆ ಸೋರದಂತೆ ತಡೆಯುವ ವೇರ್ ರಿಂಗ್‌ನ ಸಂದು ದೊಡ್ಡದಾಗಿದೆ. ಸರಿಯಿದ್ದರೆ ತೊಂದರೆ ಪೈಪಿನಲ್ಲಿ. ಆಗ ವಾಲ್ವು ತೆರೆದು ಸಕ್ಷನ್ನಿನ ವ್ಯಾಕ್ಯೂಮ್ ಗೇಜ್ ನೋಡಿ. ಒಂದು ಮೀಟರ್ ನೀರಿಗೆ ಸುಮಾರು 74 ಮಿ.ಮೀ. ಪಾದರಸ. ನೀರಿನ ಮಟ್ಟ ಪಂಪಿಗಿಂತ 2.5 ಮೀಟರ್ ಕೆಳಗಿದ್ದರೆ ಎತ್ತರಕ್ಕೇ 184 ಆಗುತ್ತದೆ, ಉಜ್ಜಾಟಕ್ಕೆ ಇನ್ನಷ್ಟು. ಗೇಜು 350 ತೋರಿಸಿದರೆ ಫುಟ್ ವಾಲ್ವಿನ ಜಾಲರಿಯಲ್ಲಿ ಕಸ ಸಿಕ್ಕಿದೆ. 200ರ ಆಸುಪಾಸು ನಿಂತು ನೀರು ಮಾತ್ರ ಕಡಿಮೆಯಿದ್ದರೆ ಮೇಲಿನ ಪೈಪು ತುಕ್ಕು ಕಟ್ಟಿದೆ, ಇಲ್ಲವೇ ಯಾವುದೋ ಗೇಟ್ ವಾಲ್ವು ಅರ್ಧ ತೆರೆದು ಉಳಿದಿದೆ.